ಹೊಳೆ ದಂಡೆಯ ಮನೆ: ಗೇಟಿನ ಲೆಕ್ಕ, ರಸ್ತೆಯ ಲೆಕ್ಕ, ಗೋಡೆಯ ಲೆಕ್ಕ

ಪ್ರಶ್ನೆ: ನಮ್ಮದು ಕಂಪ್ಲಿ ಹತ್ತಿರ ತುಂಗಭದ್ರೆಯ ದಂಡೆಯ ಊರು. ಮನೆಯಲ್ಲಿ ಆರು ಜನ. ಅಜ್ಜನ ಕಾಲದ ಎರಡು ಅಂಕಣದ (ಎರಡು ಕೋಣೆಯಷ್ಟು) ಮಣ್ಣಿನ ಮಾಳಿಗೆ ಮನೆ, ಗೋಡೆಯೂ ಚಾವಣಿಯೂ ಮಣ್ಣಿನದೇ, ಪಕ್ಕದಲ್ಲಿ ಈಚೆಗೆ ಕಟ್ಟಿದ ಒಂದು ಆರ್‌ಸಿಸಿ ಕೋಣೆ. ಅವ್ವನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಎರಡು ಎಮ್ಮೆ ಇವೆ, ಹೊಳೆಯ ಬದಿಗೆ ಐದು ಎಚ್‌ಪಿ ಮೋಟಾರ್ ಇದೆ. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟು ಕಿತ್ತುಹೋದ ರಾತ್ರಿ ‘ಡ್ಯಾಮ್ ಒಡೆದಿದೆ, 105 ಟಿಎಂಸಿ ಬರ್ತಾ ಇದೆ’ ಅಂತ ಮೊಬೈಲಿಗೆ ಮೆಸೇಜು ಬಂದವು. ಅರ್ಧ ಊರು ಗಂಟು ಕಟ್ಟಿತು, ಅರ್ಧ ಊರು ಮಲಗಿಯೇ ಇತ್ತು. ನಾವು ಬೆಳಗಿನ ತನಕ ಅಂಗಳದಲ್ಲಿ ಕೂತೆವು. ಮಳೆಗಾಲಕ್ಕೆ ಮುಂಚೆ ಏನು ತಯಾರಿ ಮಾಡಿಕೊಳ್ಳಬೇಕು? ಮನೆ ಬಿಡುವುದು ಯಾವಾಗ ಅಂತ ಹೇಗೆ ಗೊತ್ತಾಗಬೇಕು? ಬಾಗಿಲಿಗೆ ಮರಳಿನ ಚೀಲ ಇಡು, ರಬ್ಬರ್ ದೋಣಿ ತಗೋ ಅನ್ನುವವರೂ ಇದ್ದಾರೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಬೆರೆತಿವೆ. ಒಂದು, ಡ್ಯಾಮೇ ಹೋದರೆ ಏನು ಗತಿ ಎಂಬುದು. ಇನ್ನೊಂದು, ಹೊಳೆ ತುಂಬಿ ಬಂದಾಗ ಮನೆ ಬಿಡುವ ಹೊತ್ತು ತಪ್ಪಿಹೋದರೆ ಎಂಬುದು. ಮೊದಲನೆಯದಕ್ಕೆ ನಿದ್ದೆಗೆಡುವವರೇ ಹೆಚ್ಚು. ಜೀವ, ದನ, ಮನೆ ಹೋಗುವುದು ಎರಡನೆಯದರಲ್ಲಿ. ಅದಕ್ಕಾಗಿ ಮೊದಲನೆಯದನ್ನು ಬೇಗ ಮುಗಿಸಿಬಿಡೋಣ.

ತುಂಗಭದ್ರಾ ಅಣೆಕಟ್ಟೆಯ ಪೂರ್ಣ ಮಟ್ಟ 1,633 ಅಡಿ. ಮೇಲೆ ಕೂರಿಸಿರುವ 33 ಕ್ರಸ್ಟ್ ಗೇಟುಗಳು ತಲಾ 60 ಅಡಿ ಅಗಲ, 20 ಅಡಿ ಎತ್ತರ. ಅಂದರೆ ಗೇಟಿನ ಹೊಸ್ತಿಲು ಇರುವುದು 1,613 ಅಡಿಯಲ್ಲಿ. ಗೇಟು ಪೂರ್ತಿ ಕಿತ್ತುಹೋದರೂ ಆ ಕಿಂಡಿಯಿಂದ ಹೊರಗೆ ಬೀಳುವುದು ಹೊಸ್ತಿಲಿನ ಮೇಲಿರುವ ನೀರು ಮಾತ್ರ. ಅದರ ಕೆಳಗಿನದು ಗಟ್ಟಿ ಕಟ್ಟಡದ ಹಿಂದೆಯೇ ನಿಂತಿರುತ್ತದೆ. 2024ರ ಆಗಸ್ಟ್ 10ರ ರಾತ್ರಿ ಚೈನು ಕಡಿದು 19ನೇ ಗೇಟು ಹೋದಾಗ ಅದೊಂದರಿಂದ ಸುಮಾರು 35,000 ಕ್ಯೂಸೆಕ್ (ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ನೀರು) ಹೋಗುತ್ತಿತ್ತು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿದ್ದರಿಂದ ಹೊಳೆಗೆ ಹೋದದ್ದು ಒಟ್ಟು ಒಂದು ಲಕ್ಷ ಕ್ಯೂಸೆಕ್ಕಿನ ಆಸುಪಾಸು. ವಾರದೊಳಗೆ ಸ್ಟಾಪ್‌ಲಾಗ್ ಎಂಬ ಉಕ್ಕಿನ ಹಲಗೆಗಳನ್ನು ಇಳಿಸಿ ಕಿಂಡಿ ಮುಚ್ಚಿದರು.

ಒಂದು ಲೆಕ್ಕ ಬರೆದಿಟ್ಟುಕೊಳ್ಳಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಒಂದು ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ 8.64 ಟಿಎಂಸಿ. ಆ ಓಟದಲ್ಲಿ ಗೇಟಿನ ಹೊಸ್ತಿಲಿನ ಮೇಲಿರುವ ಸುಮಾರು 60 ಟಿಎಂಸಿ ಖಾಲಿಯಾಗಲು ಏಳು ದಿನ ಬೇಕು. ‘105 ಟಿಎಂಸಿ ಬರ್ತಾ ಇದೆ’ ಎಂಬ ಮೆಸೇಜು ಬಂದರೆ ಎಷ್ಟು ದಿನದಲ್ಲಿ ಎಂದು ಕೇಳಿ. ಟಿಎಂಸಿ ಎಂಬುದು ಕಣಜದಲ್ಲಿರುವ ಕಾಳಿನ ಲೆಕ್ಕ. ನಿಮ್ಮ ಬೀದಿಗೆ ನೀರು ತರುವುದು ಕ್ಯೂಸೆಕ್.

ಹಾಗಂತ ಮಲಗಿದ್ದ ಅರ್ಧ ಊರು ಸರಿ ಎಂದು ಅರ್ಥವಲ್ಲ. ಒಂದು ಲಕ್ಷ ಸಣ್ಣ ಹರಿವಲ್ಲ, ಕಂಪ್ಲಿ–ಗಂಗಾವತಿ ಸೇತುವೆಯ ದಾರಿ ಬಂದಾಗುವುದನ್ನು ನೀವೇ ಎಷ್ಟು ಮಳೆಗಾಲ ನೋಡಿಲ್ಲ? ಗಂಟು ಕಟ್ಟಿದ ಅರ್ಧ ಊರಿಗೂ ಎಲ್ಲಿಗೆ ಹೋಗಬೇಕೆಂದು ಗೊತ್ತಿರಲಿಲ್ಲ, ಅಷ್ಟೆ.

ನಿಮ್ಮ ಹೊಸ್ತಿಲಿನ ಕ್ಯೂಸೆಕ್ ಎಷ್ಟು?

ಹೊಳೆ ದಂಡೆಯವರ ತಯಾರಿ ಸಾಮಾನು ಕೊಳ್ಳುವುದರಿಂದ ಶುರುವಾಗುವುದಿಲ್ಲ, ಮೂರು ಸಂಖ್ಯೆಗಳಿಂದ ಶುರುವಾಗುತ್ತದೆ. ಹೊಳೆಗೆ ಎಷ್ಟು ಬಿಟ್ಟಾಗ ನಿಮ್ಮ ಮೋಟಾರ್ ಮುಳುಗುತ್ತದೆ, ಎಷ್ಟು ಬಿಟ್ಟಾಗ ಊರಿಂದ ಹೊರಗೆ ಹೋಗುವ ರಸ್ತೆಯ ತಗ್ಗು ಮುಳುಗುತ್ತದೆ, ಎಷ್ಟು ಬಿಟ್ಟಾಗ ಮನೆಯ ಹೊಸ್ತಿಲಿಗೆ ಬರುತ್ತದೆ. ಹೆಚ್ಚಿನ ಊರುಗಳಲ್ಲಿ ಮನೆಗಿಂತ ಮೊದಲು ರಸ್ತೆ ಮುಳುಗುತ್ತದೆ. ಅದಕ್ಕೇ ‘ನೀರು ಅಂಗಳಕ್ಕೆ ಬಂದಾಗ ಹೊರಟರಾಯಿತು’ ಎಂದವರು ಸಿಕ್ಕಿಬೀಳುವುದು. ನೀವು ಹೊರಡಬೇಕಾದದ್ದು ಎರಡನೇ ಸಂಖ್ಯೆಗೆ ಮುಂಚೆ. ಮೂರನೆಯದನ್ನು ಕಾಯುತ್ತ ಕೂರಬೇಡಿ.

ಈ ಸಂಖ್ಯೆಗಳು ಊರಲ್ಲೇ ಇವೆ. 2009ರಲ್ಲಿ, 2019ರಲ್ಲಿ, 2024ರಲ್ಲಿ ನೀರು ಯಾವ ಮೆಟ್ಟಿಲಿಗೆ, ಯಾವ ಕಂಬಕ್ಕೆ ಬಂದಿತ್ತು ಎಂದು ಹಿರಿಯರು ತೋರಿಸುತ್ತಾರೆ. ಆಯಾ ದಿನದ ಹೊರಹರಿವು ಹಳೆಯ ಪತ್ರಿಕೆಗಳಲ್ಲಿ ಸಿಗುತ್ತದೆ. ಗುಡಿಯ ಕಟ್ಟೆಯ ಮೇಲೋ ಕಲ್ಲಿನ ಗೋಡೆಯ ಮೇಲೋ ಅಡಿಗೊಂದು ಗೆರೆ ಎಳೆದು ಬಣ್ಣ ಹಚ್ಚಿ. ಈ ಮಳೆಗಾಲದಿಂದ, ನೀರು ಯಾವ ಗೆರೆಯಲ್ಲಿದ್ದಾಗ ಎಷ್ಟು ಬಿಟ್ಟಿದ್ದರು, ಡ್ಯಾಮಿನಲ್ಲಿ ಬಿಟ್ಟ ಎಷ್ಟು ತಾಸಿಗೆ ನಿಮ್ಮೂರಿಗೆ ಏರಿತು ಎಂದು ಕ್ಯಾಲೆಂಡರಿನ ಮೇಲೆ ಬರೆಯುತ್ತ ಹೋಗಿ. ಎರಡು ಮಳೆಗಾಲ ಬರೆದರೆ ಯಾರ ಮೆಸೇಜೂ ಬೇಕಾಗುವುದಿಲ್ಲ.

ಈ ಲೆಕ್ಕ ಎಡವುವ ಜಾಗಗಳೂ ಇವೆ. ‘ಒಟ್ಟು ಹೊರಹರಿವು’ ಎಂದು ಪ್ರಕಟಿಸುವುದರಲ್ಲಿ ಕಾಲುವೆಗಳ ನೀರೂ ಸೇರಿರುತ್ತದೆ, ‘ನದಿಗೆ’ ಎಂದು ಬೇರೆ ಕೊಟ್ಟದ್ದನ್ನೇ ತೆಗೆದುಕೊಳ್ಳಿ. ಒಂದು ತಾಸು ಒಂದು ಲಕ್ಷ ಬಿಡುವುದಕ್ಕೂ ಮೂರು ದಿನ ಬಿಡುವುದಕ್ಕೂ ವ್ಯತ್ಯಾಸವಿದೆ. ತಗ್ಗುಗಳು ತುಂಬಿದ ಮೇಲೆ ಅಷ್ಟೇ ಹರಿವಿಗೆ ನೀರು ಇನ್ನೂ ಮೇಲೆ ನಿಲ್ಲುತ್ತದೆ. ಊರ ಪಕ್ಕದ ಹಳ್ಳಕ್ಕಂತೂ ಈ ಲೆಕ್ಕ ನಡೆಯುವುದೇ ಇಲ್ಲ. ಹೊಳೆ ತುಂಬಿದಾಗ ಹಳ್ಳದ ನೀರಿಗೆ ಹೋಗಲು ಜಾಗವಿಲ್ಲದೆ ಅದು ಹಿಂದಕ್ಕೆ ಒತ್ತುತ್ತದೆ, ಮೇಲಿನ ಹೊಲಗಳಲ್ಲಿ ರಾತ್ರಿ ಮಳೆ ಹೊಡೆದರೆ ಹೇಳದೆ ಕೇಳದೆ ಬರುತ್ತದೆ. ಆದ್ದರಿಂದ ನಿಮಗೆ ಸಿಕ್ಕ ಸಂಖ್ಯೆಯಲ್ಲಿ ನಾಲ್ಕನೇ ಒಂದು ಪಾಲು ಕಳೆದು ಅದನ್ನೇ ಗಡಿ ಮಾಡಿಕೊಳ್ಳಿ.

ಇನ್ನೂ ಮುಂಚಿತ ಸೂಚನೆ ಬೇಕೆಂದರೆ ಮಲೆನಾಡಿನ ಕಡೆ ನೋಡಬೇಕು. ಗಾಜನೂರಿನ ತುಂಗಾ ಅಣೆಕಟ್ಟೆ ಚಿಕ್ಕದು, ಬೇಗ ತುಂಬಿ ಬಂದ ನೀರನ್ನೆಲ್ಲ ಕೆಳಗೆ ಬಿಡುತ್ತದೆ. ಆ ಮೇಲೆ ಭದ್ರೆ, ವರದೆ ಸೇರುತ್ತವೆ. ಜೂನ್‌ನಲ್ಲಿ ನಮ್ಮ ಜಲಾಶಯ ಖಾಲಿ ಇದ್ದಾಗ ಅಲ್ಲಿ ಎಷ್ಟು ಮಳೆಯಾದರೂ ನಿಮಗೆ ಸಂತೋಷವೇ. ಜಲಾಶಯ ತುಂಬಿದ ಮೇಲೆ ಒಳಗೆ ಬಂದಷ್ಟನ್ನೂ ಹೊಳೆಗೆ ಬಿಡದೆ ವಿಧಿಯಿಲ್ಲ. ‘ತುಂಬಿದೆ’ ಎಂಬ ಮಟ್ಟವೂ ಪ್ರತಿ ವರ್ಷ ಒಂದೇ ಅಲ್ಲ. 2025ರಲ್ಲಿ ಗೇಟುಗಳ ಸುರಕ್ಷತೆಗಾಗಿ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಿದ್ದರು, ಹಾಗಾಗಿ ಹೊಳೆಗೆ ನೀರು ಬೇಗ ಬಂತು. ‘ಈ ವರ್ಷ ಎಷ್ಟಕ್ಕೆ ನಿಲ್ಲಿಸುತ್ತಾರೆ’ ಎಂದು ಜುಲೈ ಮೊದಲಲ್ಲೇ ವಿಚಾರಿಸಿಕೊಳ್ಳಿ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತಿಗೆ 112.

ಮೋಟಾರಿನ ಮಾತು ಇಲ್ಲೇ ಮುಗಿಸುತ್ತೇನೆ. ಜಲಾಶಯ ಆ ವರ್ಷದ ಮಿತಿಗೆ ಎರಡು ಮೂರು ಅಡಿ ಬಾಕಿ ಇದೆ, ಶಿವಮೊಗ್ಗದ ಕಡೆ ಮಳೆ ಜೋರಿದೆ ಎಂದರೆ ಅದೇ ದಿನ ಹಗಲಲ್ಲಿ ಮೋಟಾರ್, ಸ್ಟಾರ್ಟರ್ ಪೆಟ್ಟಿಗೆ ಎತ್ತಿಬಿಡಿ. ನೀರು ಏರುತ್ತಿರುವಾಗ ಮೋಟಾರ್ ತರಲು ಇಳಿಯುವುದು ಈ ದಂಡೆಯ ಅತಿ ಕೆಟ್ಟ ರೂಢಿ. ಸ್ಟಾರ್ಟರಿಗೆ ಕರೆಂಟ್ ಇದ್ದರೆ ನೀರೇ ಹೊಡೆಯುತ್ತದೆ, ಇಲ್ಲದಿದ್ದರೆ ಸೆಳವು ಎಳೆಯುತ್ತದೆ. ಹರಿಯುವ ನೀರು ಅರ್ಧ ಅಡಿ ಇದ್ದರೂ ದೊಡ್ಡವರ ಕಾಲು ಕೀಳಬಲ್ಲದು, ಎರಡು ಅಡಿಯಲ್ಲಿ ಜೀಪೂ ತೇಲುತ್ತದೆ. ಮುಳುಗಿದ ಮೋಟಾರನ್ನು ಒಣಗಿಸಿ ರಿವೈಂಡಿಂಗ್ ಮಾಡಿಸಬಹುದು.

ಹೊಳೆಗಿಂತ ಮೊದಲು ಮಾಳಿಗೆ

ನಿಮ್ಮ ಮನೆಯ ವಿವರ ಓದಿದಾಗ ನನಗೆ ಹೊಳೆಗಿಂತ ಹೆಚ್ಚು ಚಿಂತೆಯಾದದ್ದು ಆ ಎರಡು ಅಂಕಣದ್ದು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಬಿಡದೆ ಹೊಡೆದ ಮಳೆಗೆ ಹೊಳೆಯ ಮುಖವನ್ನೇ ನೋಡದ ಊರುಗಳಲ್ಲೂ ಮಣ್ಣಿನ ಮನೆಗಳು ಕುಸಿದವು. ಮಾಳಿಗೆ ಸೋರಿದಾಗಲೆಲ್ಲ ಮೇಲೆ ಹೊಸ ಮಣ್ಣು ಬಡಿಯುವುದು ನಮ್ಮ ಪದ್ಧತಿ. ಸೋರುವುದು ನಿಲ್ಲುತ್ತದೆ, ಭಾರ ಉಳಿಯುತ್ತದೆ. ಲೆಕ್ಕ ಹಾಕಿ: 10 ಅಡಿಗೆ 12 ಅಡಿ ಅಂಕಣದ ಮೇಲೆ ಒಂದು ಅಂಗುಲ ಮಣ್ಣು ಅಂದರೆ 10 ಘನ ಅಡಿ. ಒದ್ದೆಯಾದಾಗ ಘನ ಅಡಿಗೆ ಸುಮಾರು 50 ಕಿಲೋ, ಒಟ್ಟು ಅರ್ಧ ಟನ್. ಎಂಟು ಅಂಗುಲವಿದ್ದರೆ ಮಲಗಿದವರ ತಲೆಯ ಮೇಲೆ ನಾಲ್ಕು ಟನ್. ಅದನ್ನು ಹೊತ್ತಿರುವುದು ಗೆದ್ದಲು ಹಿಡಿದ ತೊಲೆ, ಮತ್ತು ಬುಡ ನೆನೆದರೆ ಮೆತ್ತಗಾಗುವ ಗೋಡೆ.

ಮಳೆಗಾಲಕ್ಕೆ ಮುಂಚೆ ಮಾಳಿಗೆ ಹತ್ತಿ ಹಳೆಯ ಮಣ್ಣು ಎಷ್ಟು ದಪ್ಪವಿದೆ ಎಂದು ಒಂದು ಕಡೆ ಅಗೆದು ನೋಡಿ. ಹೆಚ್ಚಿದ್ದರೆ ಕೆರೆದು ಇಳಿಸಿ, ಆಮೇಲೆ ಇಳಿಜಾರು ಸರಿ ಮಾಡಿ, ಮಳೆನೀರು ಹೊರಹೋಗುವ ಹರನಾಳಿಗೆಯ ಬಾಯಿ ಬಿಡಿಸಿ, ತಾಡಪಾಲು ಹೊದಿಸಿ. ಮಣ್ಣು ಇಳಿಸುವಾಗ ಒಂದೇ ಮೂಲೆಯಲ್ಲಿ ಗುಡ್ಡೆ ಹಾಕಿದರೆ ಆ ತೊಲೆ ಅಲ್ಲೇ ಮುರಿಯುತ್ತದೆ. ತೊಲೆ ಗೋಡೆಯೊಳಗೆ ಕೂತ ಜಾಗವನ್ನು ಚಾಕುವಿನ ತುದಿಯಿಂದ ಚುಚ್ಚಿ ನೋಡಿ. ಅರ್ಧ ಅಂಗುಲ ಸಲೀಸಾಗಿ ಇಳಿದರೆ ಆ ಅಂಕಣದಲ್ಲಿ ಮಳೆಗಾಲದ ರಾತ್ರಿ ಯಾರೂ ಮಲಗಬಾರದು.

ಎರಡು ದಿನ ಬಿಡದೆ ಮಳೆ ಹಿಡಿದರೆ ಎಲ್ಲರೂ ಆರ್‌ಸಿಸಿ ಕೋಣೆಗೆ. ಇಕ್ಕಟ್ಟಾಗುತ್ತದೆ, ಆಗಲಿ. ಮಣ್ಣಿನ ಗೋಡೆ ಬೀಳುವ ಮುಂಚೆ ಸೂಚನೆ ಕೊಡುವುದುಂಟು: ನಿನ್ನೆ ಸಲೀಸಾಗಿದ್ದ ಬಾಗಿಲು ಇಂದು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ, ಗೋಡೆಯ ನಡುವೆ ಹೊಟ್ಟೆ ಉಬ್ಬುತ್ತದೆ, ಮೇಲಿಂದ ಮಣ್ಣು ಉದುರುತ್ತದೆ. ಆದರೆ ರಾತ್ರಿ ಮಲಗಿದವರಿಗೆ ಇದು ಕಾಣುವುದಿಲ್ಲ. ಮಳೆ ನಿಂತು ಬಿಸಿಲು ಬಂದ ಎರಡು ಮೂರು ದಿನದ ಮೇಲೂ ಗೋಡೆ ಬೀಳುತ್ತದೆ, ಬುಡ ಕೊರೆದಿರುತ್ತದಾದ್ದರಿಂದ. ಎಮ್ಮೆ ಕಟ್ಟುವ ಗೋಡೆಯ ಬದಿಗೂ ಇದೇ ಮಾತು.

ಮರಳಿನ ಚೀಲ? ಆರ್‌ಸಿಸಿ ಕೋಣೆಯ ಬಾಗಿಲಿಗೆ, ಒಂದು ಅಡಿಯೊಳಗಿನ ನೀರಿಗೆ, ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಇಟ್ಟರೆ ಉಪಯೋಗವಿದೆ. ಮಣ್ಣಿನ ಮನೆಗೆ ಬೇಡ. ಬಾಗಿಲಲ್ಲಿ ತಡೆದರೂ ನೀರು ಗೋಡೆಯ ಬುಡದಲ್ಲೇ ನಿಲ್ಲುತ್ತದೆ, ಗೋಡೆ ಅದನ್ನು ಕುಡಿಯುತ್ತದೆ. ದೋಣಿ ಬೇಡವೇ ಬೇಡ. ತುಂಬಿದ ತುಂಗಭದ್ರೆಯ ಸೆಳವಿನಲ್ಲಿ, ಬಂಡೆಗಳ ನಡುವೆ, ಗಾಳಿ ತುಂಬಿದ ಆಟದ ದೋಣಿ ಧೈರ್ಯ ಕೊಡುತ್ತದೆಯೇ ಹೊರತು ದಡ ಮುಟ್ಟಿಸುವುದಿಲ್ಲ. ಅದೇ ದುಡ್ಡಿಗೆ ಒಳ್ಳೆಯ ತಾಡಪಾಲು, ಎರಡು ಟಾರ್ಚು, ಒಂದು ಪವರ್ ಬ್ಯಾಂಕ್ ಬರುತ್ತವೆ.

ಎಲ್ಲಿಗೆ ಹೋಗುವುದು

ದಾರಿ ಮೂರು. ಆರ್‌ಸಿಸಿ ಕೋಣೆಯ ಮೇಲೆ ಉಳಿಯುವುದು ಮೊದಲನೆಯದು. ನೀರು ಒಂದೆರಡು ಅಡಿ ಬಂದು ಒಂದು ದಿನದಲ್ಲಿ ಇಳಿಯುವಂತಿದ್ದರೆ ಮಾತ್ರ ಇದು ಸರಿ. ಡ್ಯಾಮಿನಿಂದ ಏಳು ದಿನ ಹೊಳೆಗೆ ಬಿಡುವಂತಿದ್ದರೆ ಕರೆಂಟು, ನೀರು, ಅವ್ವನ ಔಷಧ ಮೂರೂ ಕೈಕೊಡುತ್ತವೆ. ಮೇಲೆ ಹತ್ತಲು ಹೊರಗಿನಿಂದ ಗಟ್ಟಿ ಏಣಿ ಇದೆಯೇ, ಅವ್ವ ಅದನ್ನು ಹತ್ತಬಲ್ಲರೇ? ಇಲ್ಲ ಎಂದರೆ ಈ ದಾರಿಯನ್ನು ಮರೆತುಬಿಡಿ.

ಎರಡನೆಯದು, ಎತ್ತರದ ಊರಿನ ನೆಂಟರ ಮನೆ. ನಿಮಗೆ ಇದೇ ಒಳ್ಳೆಯದು. ಆದರೆ ಆ ಮನೆ ಹೊಳೆಯ ಈಚೆ ದಂಡೆಯಲ್ಲೇ ಇರಬೇಕು. ಸೇತುವೆ ದಾಟಿ ಗಂಗಾವತಿಯಲ್ಲಿ ತಂಗಿಯ ಮನೆ ಇದ್ದರೆ ಅದು ಬೇಸಿಗೆಗೆ ಮಾತ್ರ. ಮುಂಚೆಯೇ ಮಾತಾಡಿಟ್ಟುಕೊಳ್ಳಿ: ಎಮ್ಮೆಗಳಿಗೂ ಜಾಗ ಇದೆಯೇ? ‘ದನ ಬಿಟ್ಟು ಬರಲ್ಲ’ ಎಂದು ಮನೆಯ ಗಂಡಸೊಬ್ಬ ಹಿಂದೆ ಉಳಿಯುವುದರಿಂದಲೇ ಎಷ್ಟೋ ಅನಾಹುತವಾಗುತ್ತದೆ. ದನಗಳನ್ನು ಒಂದು ದಿನ ಮುಂಚೆ ಹೊಡೆದುಕೊಂಡು ಹೋದರೆ ಆ ಗೋಜೇ ಇರುವುದಿಲ್ಲ. ಕೊನೆಗೆ ಬಿಟ್ಟೇ ಹೋಗಬೇಕಾದರೆ ಹಗ್ಗ ಬಿಚ್ಚಿ. ಎಮ್ಮೆ ಈಜುತ್ತದೆ, ಗೂಟಕ್ಕೆ ಕಟ್ಟಿದ ಎಮ್ಮೆ ನಿಂತಲ್ಲೇ ಮುಳುಗುತ್ತದೆ. ದನಗಳ ಗಂಟಲು ಊದುವ ಗಳಲೆ ರೋಗದ ಲಸಿಕೆಯನ್ನು ಮಳೆಗಾಲಕ್ಕೆ ಮುಂಚೆ ಹಾಕಿಸಿರಬೇಕು.

ಮೂರನೆಯದು ತಾಲೂಕು ಆಡಳಿತ ತೆರೆಯುವ ಕಾಳಜಿ ಕೇಂದ್ರ. ಊಟ, ವೈದ್ಯರು ಸಿಗುತ್ತಾರೆ. ಜನ ಹೆಚ್ಚು, ಶೌಚಾಲಯ ಕಡಿಮೆ, ಮೊದಲ ರಾತ್ರಿ ಗಲಿಬಿಲಿ ಇರುತ್ತದೆ. ನಿಮ್ಮೂರಿಗೆ ಯಾವ ಶಾಲೆ ಗೊತ್ತು ಮಾಡಿದ್ದಾರೆ ಎಂದು ಪಂಚಾಯಿತಿಯಲ್ಲಿ ಕೇಳಿ, ಅದಕ್ಕೆ ಹೋಗುವ ದಾರಿಯಲ್ಲಿ ಹಳ್ಳ ಇದೆಯೇ ನೋಡಿ.

ಡ್ಯಾಮಿಗೇ ಏನಾದರೂ ಆಗುವ ಬಗ್ಗೆ ಒಂದೇ ಮಾತು: ಆಗ ದೂರ ಓಡುವುದಕ್ಕಿಂತ ಎತ್ತರಕ್ಕೆ ಹೋಗುವುದು ಮುಖ್ಯ. ನಮ್ಮ ಕಡೆ ಎತ್ತರ ಕಷ್ಟವಲ್ಲ, ಕಲ್ಲುಗುಡ್ಡ ಎಲ್ಲೆಲ್ಲೂ ಇವೆ. ಅವ್ವನನ್ನು ಕರೆದುಕೊಂಡು ಹತ್ತಬಲ್ಲ ಒಂದು ದಿಬ್ಬವನ್ನು ಹಗಲಲ್ಲಿ ಒಮ್ಮೆ ನಡೆದು ಗುರುತಿಸಿಟ್ಟುಕೊಳ್ಳಿ.

ಚೀಲದಲ್ಲಿ ಏನಿರಬೇಕು

ಕುಡಿಯಲು, ಅಡುಗೆಗೆ ತಲೆಗೆ ದಿನಕ್ಕೆ ನಾಲ್ಕು ಲೀಟರ್ ಎಂದರೆ ಆರು ಜನಕ್ಕೆ ಮೂರು ದಿನಕ್ಕೆ 72 ಲೀಟರ್, ಅಂದರೆ 20 ಲೀಟರಿನ ನಾಲ್ಕು ಕ್ಯಾನು. ಕರೆಂಟು ಹೋದರೆ ಊರಿನ ಶುದ್ಧ ನೀರಿನ ಘಟಕವೂ ನಿಲ್ಲುತ್ತದೆ. ನೆರೆಯ ನಂತರ ಬೋರು, ಬಾವಿ, ನಲ್ಲಿ ಯಾವುದನ್ನೂ ನಂಬಬೇಡಿ. ಕೆಂಪು ನೀರಾದರೆ ಮೊದಲು ತಿಳಿಯಾಗಲು ಬಿಟ್ಟು ಬಟ್ಟೆಯಲ್ಲಿ ಸೋಸಿ, ಆಮೇಲೆ ಕುದಿಸಿ. ಗುಳುಗುಳು ಕುದಿ ಬಂದು ಒಂದು ನಿಮಿಷ ಸಾಕು. ಕ್ಲೋರಿನ್ ಗುಳಿಗೆ ಹಾಕುವುದಾದರೂ ಸೋಸಿದ ನೀರಿಗೇ ಹಾಕಬೇಕು, ಕೆಸರಿದ್ದರೆ ಕ್ಲೋರಿನ್ ಕೆಸರಿಗೇ ಖರ್ಚಾಗುತ್ತದೆ. ಗುಳಿಗೆಗಳು ಬೇರೆ ಬೇರೆ ಗಾತ್ರದಲ್ಲಿ ಬರುತ್ತವೆ, ಪಟ್ಟಿಯ ಮೇಲೆ ಎಷ್ಟು ಲೀಟರಿಗೆ ಎಂದಿದೆ ನೋಡಿ, ಹಾಕಿದ ಅರ್ಧ ತಾಸಿನ ನಂತರ ಕುಡಿಯಿರಿ. ಓಆರ್‌ಎಸ್ ಹತ್ತು ಪೊಟ್ಟಣ ಇರಲಿ. ಒಂದು ಲೀಟರಿನ ಪೊಟ್ಟಣವನ್ನು ಒಂದು ಲೋಟಕ್ಕೆ ಕದಡಿ ಕುಡಿಸುವವರಿದ್ದಾರೆ, ಅದರಿಂದ ಮಕ್ಕಳಿಗೆ ಕೆಡುಕೇ ಆಗುತ್ತದೆ.

ಇನ್ಸುಲಿನ್: ತೆರೆಯದ ಬಾಟಲಿಗೆ 2ರಿಂದ 8 ಡಿಗ್ರಿ ಬೇಕು. ಬಳಸುತ್ತಿರುವುದು 30 ಡಿಗ್ರಿಯೊಳಗೆ ಸಾಮಾನ್ಯವಾಗಿ ನಾಲ್ಕು ವಾರ ನಡೆಯುತ್ತದೆ. ಫ್ರಿಜ್ ಇಲ್ಲದಾಗ ಮಣ್ಣಿನ ದೊಡ್ಡ ಕುಂಡದೊಳಗೆ ಚಿಕ್ಕ ಕುಡಿಕೆ ಇಟ್ಟು, ನಡುವೆ ಮರಳು ತುಂಬಿ, ಮರಳನ್ನು ಒದ್ದೆಯಾಗಿಡಿ, ಬಾಟಲಿಯನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಕುಡಿಕೆಯಲ್ಲಿ ಇಡಿ. ಐಸಿಗೆ ತಾಗಿಸಿ ಇಡುವುದೇ ಎಲ್ಲರೂ ಮಾಡುವ ತಪ್ಪು. ಒಮ್ಮೆ ಗಡ್ಡೆಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸ ಮಾಡುವುದಿಲ್ಲ. ಎರಡು ವಾರದ ಸಿರಿಂಜು, ಗ್ಲೂಕೋಮೀಟರ್ ಪಟ್ಟಿ, ವೈದ್ಯರ ಚೀಟಿ ಜೊತೆಗಿರಲಿ. ಒಂದು ಹಿಡಿ ಸಕ್ಕರೆಯೂ ಬೇಕು. ಊಟ ಸರಿಹೊತ್ತಿಗೆ ಸಿಗದ ದಿನ ಎಂದಿನ ಡೋಸ್ ತೆಗೆದುಕೊಂಡರೆ ಸಕ್ಕರೆ ದಿಢೀರ್ ಇಳಿಯುತ್ತದೆ. ಅಂಥ ದಿನ ಡೋಸ್ ಎಷ್ಟು ಎಂದು ವೈದ್ಯರನ್ನು ಈಗಲೇ ಕೇಳಿ ಬರೆಸಿಕೊಳ್ಳಿ.

ಆಧಾರ್, ರೇಷನ್ ಕಾರ್ಡ್, ಪಹಣಿ, ಪಾಸ್‌ಬುಕ್ಕು ಜಿಪ್ ಕವರಿನಲ್ಲಿ, ಅವುಗಳ ಫೋಟೋ ಮೊಬೈಲಿನಲ್ಲಿ. ಟವರ್ ಬಿದ್ದರೆ ಫೋನ್‌ಪೇ ನಡೆಯುವುದಿಲ್ಲ, ನೂರು ಇನ್ನೂರರ ನೋಟಿನಲ್ಲಿ ಸ್ವಲ್ಪ ನಗದು ಇಡಿ.

ಮನೆ ಬಿಡುವಾಗ ಮೇನ್ ಸ್ವಿಚ್ಚು ಆಫ್, ಗ್ಯಾಸಿನ ರೆಗ್ಯುಲೇಟರ್ ಕಳಚಿ ಸಿಲಿಂಡರಿಗೆ ಕ್ಯಾಪ್ ಹಾಕಿ ಕಿಟಕಿಯ ಸರಳಿಗೆ ಕಟ್ಟಿ. ತುಂಬಿದ ಸಿಲಿಂಡರ್ ಮುಳುಗುತ್ತದೆ ಎಂದುಕೊಳ್ಳಬೇಡಿ. ಸುಮಾರು 30 ಕಿಲೋ ತೂಕವಿದ್ದರೂ ಅದು ಅದಕ್ಕಿಂತ ಹೆಚ್ಚು ನೀರನ್ನು ಸರಿಸುವ ಗಾತ್ರದ್ದು, ಆದ್ದರಿಂದ ತೇಲುತ್ತದೆ, ಪೈಪು ಕಿತ್ತುಕೊಳ್ಳುತ್ತದೆ. ಗ್ಯಾಸ್ ಸೋರಿಕೆಗೆ 1906, ಕರೆಂಟಿನ ತಂತಿ ಬಿದ್ದಿದ್ದರೆ ವಿದ್ಯುತ್ ಕಂಪನಿ ಜೆಸ್ಕಾಂನ 1912.

ಹಿಂದಿರುಗಿದ ಮೇಲೆ

ಹಗಲಲ್ಲೇ ಹೋಗಿ, ಕೋಲು ಹಿಡಿದು, ಬೂಟು ಹಾಕಿಕೊಂಡು. ನೆರೆ ಇಳಿದ ಮನೆಯಲ್ಲಿ ಮೊದಲು ಬಂದು ಸೇರಿರುವುದು ಹಾವು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ, ನೋವು ಬಾವು ಹೆಚ್ಚು ಇರುವುದಿಲ್ಲ. ಬೆಳಗ್ಗೆ ಹೊಟ್ಟೆನೋವು, ರೆಪ್ಪೆ ಜೋತುಬೀಳುವುದು ಕಂಡರೆ ಅದೇ ಎಂದು ತಿಳಿದು ಹೊರಡಿ. ಹಗ್ಗ ಬಿಗಿಯುವುದು, ಕೊಯ್ಯುವುದು, ಹೀರುವುದು ಬೇಡ. ಕಚ್ಚಿದ ಕೈಕಾಲು ಅಲುಗಿಸದೆ 108 ಕರೆದು, ವಿಷ ಇಳಿಸುವ ಇಂಜೆಕ್ಷನ್ ಇರುವ ತಾಲೂಕು ಆಸ್ಪತ್ರೆಗೆ. ಯಾವ ಆಸ್ಪತ್ರೆಯಲ್ಲಿದೆ ಎಂದು ಮಳೆಗಾಲಕ್ಕೆ ಮುಂಚೆ ಕೇಳಿಟ್ಟಿರಬೇಕು. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿ.

ಎಲೆಕ್ಟ್ರಿಷಿಯನ್ ನೋಡುವ ತನಕ ಮೇನ್ ಹಾಕಬೇಡಿ, ಬೋರ್ಡಿನೊಳಗಿನ ಕೆಸರು ಒಣಗಿದಂತೆ ಕಂಡರೂ ಕರೆಂಟು ಹಾಯಿಸುತ್ತದೆ. ಮಣ್ಣಿನ ಅಂಕಣಕ್ಕೆ ಕಾಲಿಡುವ ಮುಂಚೆ ಹೊರಗಿನಿಂದ ಗೋಡೆಯ ಬುಡ ನೋಡಿ.

ಗುಡಿಸುವ ಮೊದಲು ಫೋಟೋ ತೆಗೆಯಿರಿ: ಗೋಡೆಯ ಮೇಲಿನ ನೀರಿನ ಗೆರೆ, ಬಿದ್ದ ಭಾಗ, ಕೆಟ್ಟ ಸಾಮಾನು. ಗ್ರಾಮ ಆಡಳಿತಾಧಿಕಾರಿ ಪಂಚನಾಮೆಗೆ ಬರುವಷ್ಟರಲ್ಲಿ ನೀವು ಅಂಗಳ ಸಾರಿಸಿ ರಂಗೋಲಿ ಹಾಕಿದ್ದರೆ ತೋರಿಸಲು ಏನೂ ಉಳಿದಿರುವುದಿಲ್ಲ. ಬೆಳೆ ವಿಮೆ ಇದ್ದರೆ 72 ತಾಸಿನೊಳಗೆ ದೂರು ದಾಖಲಿಸಬೇಕು. ಭತ್ತ ನೀರಲ್ಲಿ ನಿಂತ ನಷ್ಟಕ್ಕೆ ಪರಿಹಾರ ಇದೆಯೇ ಎಂಬ ನಿಯಮ ಬದಲಾಗುತ್ತ ಬಂದಿದೆ, ಕಂತು ಕಟ್ಟುವ ದಿನವೇ ಆ ಹಂಗಾಮಿನ ಅಧಿಸೂಚನೆಯಲ್ಲಿ ಏನಿದೆ ಎಂದು ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ದನ ಸತ್ತರೆ ಹೂಳುವ ಮುಂಚೆ ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆ ಆಗಬೇಕು, ಕಿವಿಯ ಓಲೆಯ 12 ಅಂಕಿ ಕಾಣುವಂತೆ ಫೋಟೋ ಬೇಕು. ನಿಮ್ಮ ಎರಡು ಎಮ್ಮೆಗಳ ಕಿವಿಯಲ್ಲಿ ಓಲೆ ಇನ್ನೂ ಇದೆಯೇ ಎಂದು ಇವತ್ತೇ ನೋಡಿ, ಬೇಲಿಗೆ ಸಿಕ್ಕಿ ಕಿತ್ತುಹೋಗಿರುವುದು ಬಹಳ.